ಬಾವಿಯ ಪಿಚ್ಚರ್ರೋ, ಗಡಿಯಾರದ ಪಿಚ್ಚರ್ರೋ

ನಮ್ಮ ಯಜಮಾನರು ತೀರಿಕೊಂಡು ವರ್ಷವಾಯಿತು. ಅವರ ಜಗಳ ಮಾತ್ರ ಹೊಳೆನರಸೀಪುರದ ನಮ್ಮ ಮನೆಯಲ್ಲೇ ಉಳಿದಿದೆ. ಅದನ್ನೀಗ ನಾನು ಸಾಕುತ್ತಿದ್ದೇನೆ.

ಮಾಧು–ಮಲ್ಲೇಶಿ ಅನ್ನುವ ಜೋಡಿ ನಿರ್ದೇಶಕರ ಚಿತ್ರಗಳಲ್ಲಿ ಯಾವುದು ಫಸ್ಟು? ಬಾವಿ ತೋಡುವವನ ಚಿತ್ರ ಎಂದು ನಮ್ಮವರು. ಗಡಿಯಾರ ರಿಪೇರಿಯವನದು ಎಂದು ಅವರ ಸ್ನೇಹಿತ ಪುಟ್ಟರಾಜು. ಭಾನುವಾರ ಬಂತೆಂದರೆ ಪುಟ್ಟರಾಜು ಅರಕಲಗೂಡಿನಿಂದ ಬಸ್ಸು ಹತ್ತಿ ಬಂದು, ನನ್ನ ಕೈಯ ರೊಟ್ಟಿ ತಿಂದು, ಜಗಲಿಯ ಮೇಲೆ ಈ ಕುರುಕ್ಷೇತ್ರ ನಡೆಸುತ್ತಿದ್ದರು. ಮೂರನೆಯ ಸ್ಥಾನದಿಂದ ಕೆಳಕ್ಕೆ ಇಬ್ಬರಿಗೂ ಒಮ್ಮತ. (ಅಂಥ ಒಮ್ಮತ ನನ್ನ ಸಾರಿನ ಬಗ್ಗೆ ಎಂದೂ ಬರಲಿಲ್ಲ.)

ಇವರು ಹೋದ ಮೇಲೆ ಪುಟ್ಟರಾಜು ಬರುವುದು ನಿಂತೀತೆಂದು ಹೆದರಿ ಬಾವಿಯ ಪಕ್ಷವನ್ನು ನಾನೇ ವಹಿಸಿಕೊಂಡೆ. ವಾದವೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತಲ್ಲ. ಈ ಮನೆಯಲ್ಲಿ ಯಜಮಾನರ ಹೆಸರೆತ್ತುವವರು ಈಗ ಪುಟ್ಟರಾಜು ಒಬ್ಬರೇ. ಸೊಸೆ ರೂಪಶ್ರೀ ಫೋಟೋದ ಧೂಳು ಒರೆಸುತ್ತಾಳೆ, ಅಷ್ಟೆ.

ಪಿತೃಪಕ್ಷಕ್ಕೆ ಎಡೆ ಇಟ್ಟೆವು. ಹೊಸ ಪಂಚೆ, ಕಜ್ಜಾಯ, ಕೋಳಿಸಾರು, ಒಂದು ಕಟ್ಟು ಬೀಡಿ. ಸತ್ತವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು. ಆಗ ಪುಟ್ಟರಾಜು ಬಾಗಿಲಿನ ಕಡೆ ತಿರುಗಿದರು.

"ಕೆಂಪಣ್ಣ, ನೀನೇ ಗೆದ್ದೆ ಕಣಯ್ಯ. ಬಾವಿ ಪಿಚ್ಚರ್ರೇ ಫಸ್ಟು. ನೆಮ್ದಿಯಾಗಿ ಉಣ್ಣು."

ಜಗಳ ಮುಗಿದರೆ ಪುಟ್ಟರಾಜು ಇನ್ನು ಯಾಕೆ ಬರುತ್ತಾರೆ?

"ಅದೆಂಗಾಯ್ತದೆ?" ಎಂದೆ. "ಬಾವೀಲಿ ಏನೈತೆ, ಬರೀ ಮಣ್ಣು. ಗಡಿಯಾರದ್ದೇ ಫಸ್ಟು."

"ಅಕ್ಕಾ, ಮೆತ್ತಗೆ. ಒಳಗೆ ಉಣ್ತಾವ್ನೆ."

"ಕೇಳಿಸ್ಕಂಡೇ ಉಣ್ಲಿ."

"ವರ್ಸೆಲ್ಲ ಬಾವಿ ಬಾವಿ ಅಂತ ನನ್ ಪ್ರಾಣ ತಿಂದ್ಬುಟ್ಟು, ಈಗ ಗಂಡನ್ ಎಡೆ ಮುಂದೆ ಪಾರ್ಟಿ ಬದ್ಲಾಯಿಸ್ತೀರಾ? ಕೊನೇಲಿ ನೀರು ಉಕ್ಕೋ ಸೀನು ಮರ್ತೋಯ್ತಾ?"

"ನೀರೇನು, ನಲ್ಲೀಲೂ ಬತ್ತದೆ. ದಿನ ಬಿಟ್ಟು ದಿನ."

"ಅತ್ತೆ, ಬಾಗ್ಲು ತೆಗೀರಿ, ಸಾರು ಆರೋಯ್ತದೆ," ಎಂದಳು ರೂಪಶ್ರೀ.

ತೆಗೆದರೆ, ಕಿಟಕಿಯಿಂದ ನುಗ್ಗಿದ ಬೆಕ್ಕು ಕೋಳಿ ಮುಗಿಸಿ ಹೊಸ ಪಂಚೆಯ ಮೇಲೆ ಮಲಗಿತ್ತು.

"ನೋಡಿ, ಬೇಜಾರಾಗಿ ಉಣ್ದೆ ಎದ್ದೋಗವ್ನೆ," ಎಂದು ಪುಟ್ಟರಾಜು ಕಣ್ಣೊರೆಸಿಕೊಂಡರು. ಭಾನುವಾರ ಬಂದು ಬಾವಿಯ ಘನತೆಯನ್ನು ಸಾಬೀತು ಮಾಡುವುದಾಗಿ ಶಪಥ ತೊಟ್ಟು ಹೊರಟರು.

ಗೆದ್ದೆ ಅಂದುಕೊಂಡೆ. ಆದರೆ ಗಡಿಯಾರದ ಪಿಚ್ಚರನ್ನು ನಾನು ಪೂರ್ತಿ ನೋಡಿಯೇ ಇರಲಿಲ್ಲ. ಹಾಸನದ ಟಾಕೀಸಿನಲ್ಲಿ ನಮ್ಮವರ ಹೆಗಲಿಗೊರಗಿ ನಿದ್ದೆ ಹೊಡೆದಿದ್ದೆ. ವಾದಕ್ಕೆ ಬೇಕಲ್ಲ ಎಂದು ರೂಪಶ್ರೀಯ ಮೊಬೈಲಿನಲ್ಲಿ ಹಾಕಿಸಿಕೊಂಡು ಕೂತೆ. ಅದರಲ್ಲಿ ಆ ರಿಪೇರಿಯವನು, ತೀರಿಹೋದ ಗಿರಾಕಿಯ ಗಡಿಯಾರಕ್ಕೆ ದಿನಾ ಕೀಲಿ ಕೊಡುತ್ತಾನೆ. ಯಾರೂ ಕೇಳಿಕೊಂಡು ಬರುವುದಿಲ್ಲ. ಆದರೂ ಕೊಡುತ್ತಾನೆ. ನನ್ನ ಸೆರಗೆಲ್ಲ ಒದ್ದೆಯಾಯಿತು.

ನಿಜಕ್ಕೂ ಅದೇ ಫಸ್ಟು. ನಮ್ಮವರು ಜೀವಮಾನವಿಡೀ ಹೇಳಿದ್ದು ತಪ್ಪು. ಮದುವೆಯಾದಂದಿನಿಂದ ಅವರ ಮೇಲೆ ಜಗಳಕ್ಕೆ ಹೋಗಲು ಇಷ್ಟು ಒಳ್ಳೆಯ ಕಾರಣ ನನಗೆ ಸಿಕ್ಕಿರಲೇ ಇಲ್ಲ. ಎದ್ದು ಹೋಗಿ ಫೋಟೋದ ಮುಂದೆ ನಿಂತೆ. ಮೀಸೆಯಡಿ ನಗುತ್ತಾ, ಬಾಯಿ ಮುಚ್ಚಿಕೊಂಡು ಕೂತಿದ್ದರು.