ಬಾಗಿನಕ್ಕೊಂದು ತಲೆಬರಹ

ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ನಾನು ನೋಡಿ ಅಚ್ಚಿಗೆ ಬಿಟ್ಟ ಸುದ್ದಿಗೆ ಮರುದಿನ ತಿದ್ದುಪಡಿ ಹಾಕುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಸುಳ್ಳು ಸುದ್ದಿಯಂತೂ ಒಂದೂ ನನ್ನ ಮೇಜು ದಾಟಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮುಂದಿನದನ್ನು ಓದುವಾಗ ದಯವಿಟ್ಟು ನೆನಪಿಟ್ಟುಕೊಳ್ಳಿ.

ನನ್ನ ಹೆಂಡತಿ ವಸಂತ, ಸಹಕಾರನಗರದ ನಮ್ಮ ಮನೆಯಲ್ಲೇ ಹನ್ನೆರಡು ವರ್ಷಗಳಿಂದ ಗೌರಿ ಹಬ್ಬದ ಬಾಗಿನ ಸಿದ್ಧಮಾಡಿ ಮಾರುತ್ತಾಳೆ. ಒಂದು ಮೊರದಲ್ಲಿ ಬಳೆ, ಕರಿಮಣಿ, ಬಿಚ್ಚೋಲೆ, ಬೇಳೆ, ಬೆಲ್ಲ ಜೋಡಿಸಿ, ಮೇಲೊಂದು ಮೊರ ಮುಚ್ಚಿ ದಾರ ಕಟ್ಟುತ್ತಾಳೆ. ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಗಿರಾಕಿಗಳು ನಂಬಿಕೆಯ ಮೇಲೆ ಬಂದವರು. ಅವರನ್ನು ತಂದವರು ಎದುರುಮನೆ ಪದ್ಮಕ್ಕ. ಹೋದ ವರ್ಷ ಆರ್ಡರುಗಳು ಹೆಚ್ಚಾಗಿ, ವಸಂತ ವೆಬ್‌ಸೈಟ್ ಮಾಡಿಸಲು ಹೊರಟಳು. ಅಟ್ಟೂರಿನಿಂದ ಅನಿತಾ ಎಂಬ ಡಿಸೈನರ್ ಲ್ಯಾಪ್‌ಟಾಪ್ ಸಮೇತ ಬಂದರು.

"ಆರ್ಡರ್ ಫಾರಂ ಚಿಕ್ಕದಾಗಿರ್ಬೇಕು ಸರ್. ಹೆಸರು, ಅಡ್ರೆಸ್ಸು, ಎಷ್ಟು ಬೇಕು. ಮುಗೀತು" ಎಂದರು.

"ಇಷ್ಟೇ ಮಾಹಿತಿ ಇಟ್ಟುಕೊಂಡು ನಾನು ಸೈಕಲ್ ಕಳವಿನ ಸುದ್ದಿಯನ್ನೂ ಅಚ್ಚಿಗೆ ಬಿಟ್ಟವನಲ್ಲ" ಎಂದೆ.

ಯಾವುದೇ ವರದಿ ಆರು ಪ್ರಶ್ನೆಗಳಿಗೆ ಉತ್ತರಿಸಬೇಕು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಫಾರಂನಲ್ಲೂ ಆರು ಕಾಲಂ ಹಾಕಿಸಿದೆ. ಆರೂ ಕಡ್ಡಾಯ.

"ಬಾಗಿನ ಏಕೆ ಬೇಕು ಅಂತ ಯಾರನ್ನಾದ್ರೂ ಕೇಳ್ತಾರಾ ಸರ್? ಜನ ಅರ್ಧಕ್ಕೇ ಬಿಟ್ಟು ಹೋಗ್ತಾರೆ."

"ಏಕೆ ಎಂಬುದೇ ವರದಿಯ ಜೀವ" ಎಂದೆ. ಅಷ್ಟಕ್ಕೇ ನಿಲ್ಲದೆ, ಆ ಕಾಲಂಗೆ ಕನಿಷ್ಠ ಹತ್ತು ಪದಗಳ ನಿಯಮವನ್ನೂ ಜಾರಿಗೆ ತಂದೆ. ಕಡಿಮೆ ಬರೆದರೆ ಕೆಂಪಕ್ಷರದಲ್ಲಿ 'ವಿವರ ಸಾಲದು' ಎಂದು ಬರಬೇಕು. ಹತ್ತು ದಾಟಿದರೆ ಹಸಿರಿನಲ್ಲಿ 'ಧನ್ಯವಾದ, ಮಾಹಿತಿ ಸ್ಪಷ್ಟವಾಗಿದೆ'. ಅನಿತಾ ವಸಂತಳ ಮುಖ ನೋಡಿದರು.

"ಹೋಗ್ಲಿ ಬಿಡಮ್ಮ, ಅವ್ರಿಗೂ ಏನಾದ್ರೂ ಕೆಲ್ಸ ಬೇಕಲ್ಲ" ಎಂದು ವಸಂತ ಬೇಳೆ ಆರಿಸಲು ಹೋದಳು.

ಸೈಟು ಶುರುವಾದ ಎರಡನೆಯ ದಿನ ಪದ್ಮಕ್ಕ ಮೊಬೈಲ್ ಹಿಡಿದು ಗೇಟಿಗೆ ಬಂದರು. ಬಾಗಲಗುಂಟೆಯಲ್ಲಿರುವ ನಾದಿನಿ ಶಕುಂತಲಾಗೆ ಅವರು ಪ್ರತಿವರ್ಷ ಬಾಗಿನ ಕಳಿಸುತ್ತಾರೆ.

"ಏನ್ರೀ ಇದು ನಿಮ್ಮ ಸೈಟು? 'ಗೌರಿ ಹಬ್ಬ ಅಂತ' ಅಂತ ಹಾಕಿದ್ರೆ ಕೆಂಪಗೆ ಉರಿಯುತ್ತೆ. 'ಗೌರಿ ಹಬ್ಬಕ್ಕೆ ನಾದಿನಿಗೆ' ಅಂದ್ರೂ ಸಾಲದಂತೆ. ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ."

"ಇದ್ದದ್ದನ್ನು ಇದ್ದ ಹಾಗೆ ವಿವರವಾಗಿ ಬರೆಯಿರಿ ಪದ್ಮಕ್ಕ. ಸೈಟು ತಕ್ಷಣ ಒಪ್ಪುತ್ತದೆ."

ಅವರು ನನ್ನ ಮಾತು ನಂಬಿದರು. ಸೈಟು ಒಪ್ಪಿತು.

ಅವರೊಬ್ಬರೇ ಅಲ್ಲ. 'ಹೇಗೆ' ಎಂಬುದಕ್ಕೆ ಕೆಲವರು 'ಆಟೋದಲ್ಲಿ' ಎಂದೂ, ಒಬ್ಬರು 'ದೇವರು ನಡೆಸಿದ ಹಾಗೆ' ಎಂದೂ ಬರೆದರು. ಆದರೆ 'ಏಕೆ' ಎಂಬಲ್ಲಿ ಜನ ಮನಸ್ಸು ಬಿಚ್ಚಿದ್ದರು. ಹತ್ತು ಪದ ತುಂಬಿಸಲು ಹೊರಟವರಿಗೆ ಏಳನೆಯ ಪದದ ಹೊತ್ತಿಗೆ ನಿಜ ಬಂದುಬಿಡುತ್ತದೆ. ನಮ್ಮ ವರದಿಗಾರರು ಯಾರೂ ಇಷ್ಟು ಮಾಹಿತಿ ತಂದಿರಲಿಲ್ಲ. ನನ್ನ ವಿನ್ಯಾಸದ ಬಗ್ಗೆ ಅಭಿಮಾನ ಮೂಡಿತು.

ಹೆಚ್ಚಿನ ಬಾಗಿನಗಳು ನಮ್ಮ ಮನೆಯಿಂದ ನೇರವಾಗಿ ಪಡೆಯುವವರ ವಿಳಾಸಕ್ಕೇ ಹೋಗುತ್ತಿದ್ದವು. ಓದುಗನನ್ನು ಅರ್ಧ ದಾರಿಯಲ್ಲಿ ಬಿಡಬಾರದು ಎಂಬುದು ಡೆಸ್ಕಿನ ಶಿಸ್ತು. ಆದ್ದರಿಂದ ಆರೂ ಉತ್ತರಗಳನ್ನು, ಕೆಳಗೆ ನಮ್ಮ ಮನೆಯ ವಿಳಾಸ ಸಮೇತ, ಚೀಟಿಯಲ್ಲಿ ಅಚ್ಚುಹಾಕಿ, ಮಡಿಚಿ, ಪ್ರತಿ ಮೊರದ ದಾರದಡಿ ಸಿಕ್ಕಿಸಿದೆ. ವಸಂತ ಬಳೆ ಎಣಿಸುವುದರಲ್ಲಿದ್ದಳು; ಅದು ಬಿಲ್ಲು ಎಂದುಕೊಂಡಳು.

ಬರಿಯ ಮಾಹಿತಿ ಬೋಳಾಗಿ ಕಂಡಿತು. ಪ್ರತಿ ಚೀಟಿಗೂ ಒಂದು ತಲೆಬರಹ ಕೊಟ್ಟೆ.

ಪದ್ಮಕ್ಕ ಬರೆದದ್ದು ಇಷ್ಟು: 'ಅತ್ತೆ ಬಾಯಿಗೆ ಹೆದರಿ ಕಳಿಸ್ತಿದೀನಿ. ನಾನು ಕೊಟ್ಟಿದ್ದನ್ನೆಲ್ಲ ಅವಳು ಬೇರೆಯವ್ರಿಗೆ ದಾಟಿಸ್ತಾಳೆ ಅಂತ ಗೊತ್ತಿದ್ರೂ.'

ನಾನು ಕೊಟ್ಟ ತಲೆಬರಹ: 'ನಾದಿನಿಗೆ ಬಾಗಿನ: ಅತ್ತೆಯ ಭೀತಿಯೇ ಕಾರಣ.' ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಸಂಪಾದಕನ ಕಣ್ಣಿಗೆ ಸಾಲಿನ ಅಳತೆ ಕಂಡಿತು. ಮನೆ ಮುರಿಯುವುದು ಕಾಣಲಿಲ್ಲ.

ಹಬ್ಬಕ್ಕೆ ಮೂರು ದಿನ ಇರುವಾಗ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಕಂಕುಳಲ್ಲಿ ಮೊರ ಇಟ್ಟುಕೊಂಡು ಒಬ್ಬ ಹೆಂಗಸು ಇಳಿದರು. ಎದುರುಮನೆಯಿಂದ ಪದ್ಮಕ್ಕ ನಗುತ್ತಾ ರಸ್ತೆ ದಾಟಿ ಬಂದರು.

"ಏನ್ ಶಕುಂತಲಾ, ಹೇಳ್ದೆ ಕೇಳ್ದೆ ಬಂದಿದೀಯಾ?"

"ಚೀಟಿಲಿ ಈ ಮನೆ ಅಡ್ರೆಸ್ಸಿತ್ತು ಅತ್ತಿಗೆ, ಇಲ್ಲಿಗೇ ಬಂದೆ. ನಮ್ಮಮ್ಮನಿಗೆ ಹೆದ್ರಿ ಕಳಿಸ್ತೀರಾ ನೀವು ನಂಗೆ?" ಎಂದ ಶಕುಂತಲಾ, ಚೀಟಿ ಬಿಡಿಸಿ ತಲೆಬರಹದಿಂದ ಶುರುಮಾಡಿ ಕೊನೆಯ ಪದದವರೆಗೂ ಓದಿದರು. ಓದು ಸ್ಪಷ್ಟವಾಗಿತ್ತು. ಅಕ್ಕಪಕ್ಕದ ಮನೆಗಳಿಗೂ ಕೇಳಿಸಿತು.

ಪದ್ಮಕ್ಕ ಗೇಟಿನ ಸರಳು ಹಿಡಿದು ನಿಂತುಬಿಟ್ಟರು. ವಸಂತ ಹೊರಗೆ ಬಂದು ಚೀಟಿ ನೋಡಿದಳು, ನಂತರ ನನ್ನನ್ನು ನೋಡಿದಳು.

"ಇಂಥವು ಎಷ್ಟು ಹೋಗಿದಾವ್ರೀ?" ಮೆಲ್ಲಗೆ ಕೇಳಿದಳು.

"ಎಲ್ಲವೂ. ಸಮಯಕ್ಕೆ ಸರಿಯಾಗಿ."

ಹನ್ನೆರಡು ವರ್ಷದ ಗಿರಾಕಿಗಳು, ಅವರ ನಾದಿನಿಯರು, ಓರಗಿತ್ತಿಯರು, ಬೀಗಿತ್ತಿಯರು ಎಲ್ಲರೂ ಅವಳ ಕಣ್ಣ ಮುಂದೆ ಸಾಲಾಗಿ ಹಾದುಹೋದದ್ದು ನನಗೂ ಕಾಣಿಸಿತು. ಅವಳು ಶಕುಂತಲಾ ಕಡೆ ತಿರುಗಿದಳು.

"ಶಕುಂತಲಾ ಅವ್ರೇ, ಅದನ್ನ ಪದ್ಮಕ್ಕ ಬರ್ದಿಲ್ಲ. ನಮ್ಮನೆಯವ್ರು ಬರ್ದಿದ್ದು. ರಿಟೈರ್ ಆದ್ಮೇಲೆ ಇವ್ರಿಗೆ ಬರಿಯಕ್ಕೆ ಏನೂ ಸಿಗ್ತಿಲ್ಲ. ಎಲ್ಲಾ ಚೀಟಿಗೂ ಒಂದೊಂದು ಕಥೆ ಕಟ್ಟಿದಾರೆ."

ನಾನು ಬಾಯಿ ತೆರೆದೆ. ಪದ್ಮಕ್ಕ ಟೈಪ್ ಮಾಡಿದ ವಾಕ್ಯ ಗಂಟೆ ನಿಮಿಷದ ಸಮೇತ ಕಂಪ್ಯೂಟರಿನಲ್ಲಿತ್ತು. ದಾಖಲೆ ನನ್ನ ಪರ. ಪದ್ಮಕ್ಕ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿದೆ.

"ಹೌದು, ನಾನೇ" ಎಂದೆ.

ಶಕುಂತಲಾ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು.

"ಹೆಡ್ಡಿಂಗ್ ನೋಡ್ದಾಗ್ಲೇ ಅಂದ್ಕೊಂಡೆ. ನಮ್ಮತ್ತಿಗೆ ಬೈದ್ರೆ ಇಷ್ಟು ನೀಟಾಗಿ ಬೈಯಲ್ಲ." ಮೊರವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. "ಕಾಫಿ ಮಾಡಿ ನಡೀರಿ ಅತ್ತಿಗೆ. ಪಾಪ, ಈ ವಯಸ್ಸಲ್ಲಿ ಹಿಂಗಾಗುತ್ತೆ."

ಇಬ್ಬರೂ ರಸ್ತೆ ದಾಟಿದರು. ದಾಟುವಾಗ ಪದ್ಮಕ್ಕ ನನ್ನ ಕಡೆ ತಿರುಗಿ, ಕಂಡೂ ಕಾಣದ ಹಾಗೆ ಕೈ ಮುಗಿದರು.

ಆಮೇಲೆ ವಸಂತ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅವಳು ಹೇಳಿದಳು, ನಾನು ಬರೆದೆ: 'ಚೀಟಿಯಲ್ಲಿ ಅಚ್ಚಾಗಿರುವ ಕಾರಣಗಳೆಲ್ಲ ನಮ್ಮ ಯಜಮಾನರ ಸ್ವಂತ ಕಲ್ಪನೆ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.' ಬಾಗಿನ ಪಡೆದವರಿಗೆಲ್ಲ ಅದು ಹೋಯಿತು. ಒಂದು ತಿದ್ದುಪಡಿಯನ್ನೂ ಹಾಕದವನು, ಒಂದು ಸುಳ್ಳನ್ನೂ ಅಚ್ಚಿಗೆ ಬಿಡದವನು, ಎರಡನ್ನೂ ಒಂದೇ ಪ್ರಕಟಣೆಯಲ್ಲಿ ಪೂರೈಸಿದೆ.

ಈ ವರ್ಷ ಫಾರಂನಲ್ಲಿ ಮೂರೇ ಕಾಲಂ ಇವೆ. "ಈಗ ಬಹಳ ಚೆನ್ನಾಗಿದೆ" ಎಂದು ಅನಿತಾ ಅವರನ್ನು ಹೊಗಳಿದೆ. "ಮೊದಲ್ನೇ ದಿನ ತೋರಿಸಿದ್ದು ಇದೇ ಸರ್" ಎಂದರು. ವಸಂತ ಒಬ್ಬ ಗಿರಾಕಿಯನ್ನೂ ಕಳೆದುಕೊಳ್ಳಲಿಲ್ಲ. ಒಂದು ಮನೆಯಲ್ಲೂ ಯಾರೂ ಮಾತು ಬಿಡಲಿಲ್ಲ. ಆ ಶ್ರೇಯಸ್ಸು ನನ್ನ ತಿದ್ದುಪಡಿಗೆ ಸಲ್ಲಬೇಕು. ಅದನ್ನು ಓದಿದವರೆಲ್ಲರೂ ತಕ್ಷಣ ನಂಬಿದರು. ಮೂವತ್ತೊಂದು ವರ್ಷ ನಿಜವನ್ನೇ ಬರೆದೆ. ಜನ ನನ್ನ ಬರಹವನ್ನು ಇಷ್ಟು ಸುಲಭವಾಗಿ ಎಂದೂ ನಂಬಿರಲಿಲ್ಲ.