ಸಂಜೆಗೆ ಕೊಡುವ ಬೀಗದ ಕೈ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅವಳು ಗಂಡನ ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು.

ಬೀದಿಯ ಕೊನೆಯಲ್ಲಿ ರಾಷ್ಟ್ರೀಯ ಉದ್ಯಾನದ ಒಂದು ಸಣ್ಣ ಗೇಟು. ಹಕ್ಕಿ ನೋಡಿಕೊಂಡು ಬಂದು ಸಂಜೆಗೆ ಕೊಡ್ತೀನಿ ಅಂತ ಗಾರ್ಡ್ ಹತ್ತಿರ ಅದರ ಬೀಗದ ಕೈ ಎರವಲು ತಂದವನು ಗಂಡ. ವರ್ಷಗಳು ಕಳೆದರೂ ಆ ಸಂಜೆ ಬಂದಿರಲಿಲ್ಲ. ಬೆಳಿಗ್ಗೆ ಅವನು ಗೇಟು ತೆಗೆಯುವುದು, ಬೀದಿಗೆ ಬೀದಿಯೇ ಅವನ ಹಿಂದೆ ವಾಕಿಂಗ್ ಹೊರಡುವುದು. "ಕೆರೆ ಪಕ್ಕ ಒಂದು ಬಂಡೆ ಇದೆ, ನೀನೂ ಬಾರೇ" ಎಂದು ಕರೆದಾಗಲೆಲ್ಲ ಅವಳು "ನಾಳೆ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಇವತ್ತು ಆ ಬಂಡೆಯ ಮೇಲೆ ಒಬ್ಬಳೇ ಕೂತು ಬರಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಬಾಗಿಲಲ್ಲಿ ನಿವೃತ್ತ ಹೆಡ್‌ಮಾಸ್ಟರು, ಅವರ ಹಿಂದೆ ಎದುರುಮನೆಯ ಟೈಲರ್ ಅಕ್ಕ, ಅವಳ ಹಿಂದೆ ಬೀದಿ. ಎಲ್ಲರ ಕಾಲಲ್ಲೂ ಬೂಟು, ಮುಖದಲ್ಲಿ ಸಂತಾಪ. ಬೂಟಿನ ಲೇಸು ಬಿಗಿಯಾಗಿತ್ತು. ಸಂತಾಪ ಸ್ವಲ್ಪ ಸಡಿಲ.

"ಏನಮ್ಮ, ಧೈರ್ಯ ತಂದ್ಕೊಂಡ್ಯಾ? ಬೀಗದ ಕೈ ಸಿಕ್ತಾ?" ಎಂದರು ಹೆಡ್‌ಮಾಸ್ಟರು ಒಂದೇ ಉಸಿರಿನಲ್ಲಿ.

ಅವಳು ಅಂಗೈ ಬಿಚ್ಚಿದಳು. ಬೀದಿ ನಿಟ್ಟುಸಿರು ಬಿಟ್ಟಿತು. ಹೆಣ ಎತ್ತುವಾಗಲೂ ಅಷ್ಟು ದೊಡ್ಡದು ಬಿಟ್ಟಿರಲಿಲ್ಲ.

"ಈಗ್ಲೇ ತೆಗೀಬೇಡ ಮತ್ತೆ! ಹೊಸ ಕರಡು ನಿಯಮ ಬಂದಿದೆ, ಇಂಥ ಗೇಟೆಲ್ಲ ಮುಚ್ತಾರಂತೆ. ಇವತ್ತೇ ಅಹವಾಲು ಸಭೆ. ಅದಕ್ಕೆ ಮುಂಚೆ ಯಾರಾದ್ರೂ ಒಳಗೆ ಸಿಕ್ಕಿಬಿದ್ರೆ ನಮ್ಮ ಕತೆ ಮುಗೀತು. ನೀನೂ ಸಭೆಗೆ ಬರ್ಬೇಕು."

"ನಾನು ಬಂದು ಏನು ಹೇಳ್ಲಿ ಸಾರ್?"

"ಏನೂ ಹೇಳ್ಬೇಡ. ಅತ್ತರೆ ಸಾಕು."

"ಅಳು ಬರ್ತಿಲ್ಲ."

"ಈರುಳ್ಳಿ ಹೆಚ್ಚಿಟ್ಕೊಂಡು ಬರ್ತೀನಿ ಬಿಡೇ," ಎಂದಳು ಟೈಲರ್ ಅಕ್ಕ. "ಈ ನೀಲಿ ಬಟ್ಟೆ ಮಾತ್ರ ಬೇಡ. ನೀಲೀಲಿ ದುಃಖ ಎದ್ದು ಕಾಣಲ್ಲ."

ಸಭೆಯಲ್ಲಿ ಅವಳನ್ನು ಪ್ರದರ್ಶನದ ಕುಂಬಳಕಾಯಿಯಂತೆ ಮುಂದಿನ ಸಾಲಿನಲ್ಲಿ ಕೂರಿಸಿದರು. "ಈ ತಾಯಿಯ ಗಂಡ ಆ ಕಾಡಿನ ದಾರಿಗಾಗಿಯೇ ಪ್ರಾಣ ಬಿಟ್ಟ!" ಎಂದು ಹೆಡ್‌ಮಾಸ್ಟರು ಗುಡುಗಿದರು. ಅವನು ಪ್ರಾಣ ಬಿಟ್ಟದ್ದು ಬ್ಯಾಂಕಿನ ಸಾಲಿನಲ್ಲಿ ನಿಂತಾಗ. ಅವಳು ಬಾಯಿ ತೆರೆದಳು. ಟೈಲರ್ ಅಕ್ಕ ತೊಡೆ ಚಿವುಟಿ, ಈರುಳ್ಳಿಯ ಡಬ್ಬಿ ಬಿಚ್ಚಿದಳು. ಪಕ್ಕದಲ್ಲೇ ಫ್ಯಾನು. ಘಾಟು ಇವಳನ್ನು ದಾಟಿ ನೇರ ವೇದಿಕೆಗೆ ಹೋಯಿತು. ಅಲ್ಲಿ ಕೂತಿದ್ದ ಅರಣ್ಯಾಧಿಕಾರಿ ಸಾಹೇಬರ ಕಣ್ಣಲ್ಲಿ ಧಾರಾಕಾರ ನೀರು.

ಅಧಿಕಾರಿಗಳು ಅಳುವುದನ್ನು ಊರು ಕಂಡಿರಲಿಲ್ಲ. ಅಳು ಶುರುವಾದ ಮೇಲೆ ಅದಕ್ಕೊಂದು ಕಾರಣ ಬೇಡವೇ? "ನಂದೇನು ಕಲ್ಲೆದೆ ಅಲ್ಲ," ಎಂದರು ಅವರು ಮೂಗು ಒರೆಸಿಕೊಳ್ಳುತ್ತ. "ಆ ಗೇಟು ಮುಚ್ಚೋದಿಲ್ಲ! ಇನ್ಮೇಲೆ ನಮ್ಮ ಗಾರ್ಡೇ ತೆಗೀತಾನೆ."

ಚಪ್ಪಾಳೆಯ ಬಿಸಿಯಲ್ಲಿ ಟೈಲರ್ ಅಕ್ಕ ಎದ್ದು ನಿಂತಳು. "ಸಾಹೇಬ್ರೇ, ಪಾಪ, ಇವಳಂಥ ಒಂಟಿ ಹೆಂಗಸು ಆ ಕಾಡಲ್ಲಿ ಹೇಗೆ ಓಡಾಡ್ತಾಳೆ? ಅದಕ್ಕೂ ಏನಾದ್ರೂ ಮಾಡಿ."

ಅಧಿಕಾರಿಗಳು ಗುಮಾಸ್ತನ ಕಡೆ ತಿರುಗಿದರು. "ಬರ್ಕೊಳ್ಳಿ. ಒಂಟಿ ಮಹಿಳೆಯರ ಹಿತದೃಷ್ಟಿಯಿಂದ, ಜೊತೆ ಇಲ್ಲದೆ ಅವರಿಗೆ ಪ್ರವೇಶ ಇಲ್ಲ. ಇವತ್ತಿಂದಲೇ ಜಾರಿ."

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.

"ನೋಡಿದ್ಯಾ," ಹೆಡ್‌ಮಾಸ್ಟರು ಅವಳ ತಲೆ ನೇವರಿಸಿದರು. "ನಿನಗೋಸ್ಕರಾನೇ ಒಂದು ನಿಯಮ!"

"ಜೊತೆಗೆ ನಾನಿಲ್ವೇನೇ?" ಎಂದಳು ಟೈಲರ್ ಅಕ್ಕ. "ಬಂಡೆ ಮೇಲೆ ಕೂತು ಹೊಟ್ಟೆ ತುಂಬ ಮಾತಾಡೋಣ."

ಸಂಜೆ ಅವಳು ಗೇಟಿನ ಹತ್ತಿರ ಹೋದಳು. ಗಾರ್ಡ್ ಹೊಸ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕೆರೆಯ ಕಡೆಯಿಂದ ಬೀದಿಯ ನಗು ಕೇಳಿಸುತ್ತಿತ್ತು. ಅವಳು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಸಂಜೆಗೆ ಕೊಡ್ತೀನಿ ಅಂದಿದ್ರಂತೆ. ತಗೊಳ್ಳಿ."

ಅವನು ಅದನ್ನು ತಿರುಗಿಸಿ ನೋಡಿದ. ಗೇಟನ್ನು ಅರ್ಧ ತಳ್ಳಿ, ಏನೋ ನೆನಪಾಗಿ ಹಾಗೇ ಹಿಡಿದುಕೊಂಡ.

"ಜೊತೆಗೆ ಯಾರಾದ್ರೂ ಇದ್ದಾರಾ ಅಮ್ಮ?"

"ಇದ್ರು," ಎಂದಳು ಅವಳು.