ನಮ್ಮ ಮನೆಯವರ ಬಾಯಿಗೆ ಚಾಪ್ಸಿ

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಕಪ್ಪತಗುಡ್ಡ ನಾಚಿ ಕುಳಿತುಬಿಡುತ್ತಿತ್ತು. ಆದರೆ ನಮ್ಮ ಮನೆಯವರು, ಮಾಂತೇಶ ಎಂಬ ಮಹಾನುಭಾವರು, ಒಂದು ದಿನವಾದರೂ ‘ಛಲೋ ಆಗೈತಿ’ ಎಂದವರಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ಅವರಿಗೆ ಬಾಯಿ ಬರುತ್ತದೆ.

ಅಂಥವರು ನಾಗಾವಿಯ ಹೊಲದಿಂದ ಬರುವ ದಾರಿಯಲ್ಲಿ ಅಲ್ಲಾಉದ್ದೀನನ ಬಂಡಿಯ ಮುಂದೆ ನಿಂತು ಚಾಪ್ಸಿ ತಿಂದು ಬರುತ್ತಾರೆ. (ಚಾಪ್ಸೂಯಿ ಎನ್ನಬೇಕಂತೆ. ಬಂಡಿಯ ಮೇಲೆ ಚಾಪ್ಸಿ ಎಂದೇ ಬರೆದಿದೆ, ನಮ್ಮೂರು ಬೆಟಗೇರಿಗೆ ಅಷ್ಟು ಸಾಕು.) ಆಮೇಲೆ ನನ್ನ ಬದನೆಕಾಯಿ ಪಲ್ಯದ ಮುಂದೆ ಕುಳಿತು ಅದರ ಗುಣಗಾನ.

“ಕರಿದ ನೂಡಲ್ಸು ಕುರುಂ ಕುರುಂ, ಮ್ಯಾಲೆ ಕೆಂಪನ್ನ ಖಾರದ ರಸ. ಅಂಥಾದ್ದು ಮನ್ಯಾಗ ಮಾಡಾಕ ಬರಂಗಿಲ್ಲ ಬಿಡು. ಅದಕ್ಕ ಕೈಗುಣ ಬೇಕು.”

ನನಗೆ ಮೈಯೆಲ್ಲ ಉರಿಯಿತು. ಇದೇ ಚಾಪ್ಸಿಯನ್ನು ಮಾಡಿ ಇವರ ಬಾಯಿಂದ ‘ಛಲೋ ಆಗೈತಿ’ ಅನ್ನಿಸದಿದ್ದರೆ ನನ್ನ ಹೆಸರು ಅನ್ನಪೂರ್ಣ ಅಲ್ಲ ಎಂದು ಶಪಥ ಮಾಡಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೊನ್ನೆ ರವಿವಾರ ಮೊಬೈಲ್ ಎದುರಿಗಿಟ್ಟುಕೊಂಡು ರಣರಂಗಕ್ಕಿಳಿದೆ. ಕ್ಯಾಬೀಜು, ಗಜ್ಜರಿ, ಡೊಣ್ಣ ಮೆಣಸಿನಕಾಯಿ ಹೆಚ್ಚಿದೆ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ದೊಡ್ಡ ಉರಿಯ ಮೇಲೆ ಎಲ್ಲವನ್ನೂ ಹುರಿದು, ಸೋಯಾ ಸಾಸ್ ಸುರಿದು ರಸ ಕುದಿಸಿದೆ. ಸಿಟ್ಟಿನ ಭರದಲ್ಲಿ ಖಾರ ಒಂದು ಹಿಡಿ ಹೆಚ್ಚೇ ಬಿತ್ತು. ನೂಡಲ್ಸ್ ಬೇಯಿಸಿ ಬಸಿದು, ಕರಿಯುವ ಮೊದಲು ಆರಲೆಂದು ಪಡಸಾಲೆಯಲ್ಲಿ ಧೋತರದ ಮೇಲೆ ಹರವಿದೆ. ಇದ್ದ ಒಂದು ಬಾಣಲೆಯ ತುಂಬ ರಸ. ಕರಿಯಲು ಇನ್ನೊಂದನ್ನು ತರಲು ಪಕ್ಕದ ಮನೆಯ ನೀಲಗಂಗವ್ವನ ಹತ್ತಿರ ಹೋದೆ. ತೆಗೆದುಕೊಂಡು ಸುಮ್ಮನೆ ಬರಬೇಕಿತ್ತು. ನನ್ನ ಪಾಕಪಾಂಡಿತ್ಯವನ್ನು ಆಕೆಗೆ ಅರ್ಧ ತಾಸು ವರ್ಣಿಸಿದೆ, ಅದು ನನ್ನದೇ ತಪ್ಪು.

ತಿರುಗಿ ಬಂದರೆ ಧೋತರ ಖಾಲಿ. ಮನೆಯವರು ಆಗಲೇ ಹೊಲದಿಂದ ಬಂದು, ಬರಿದಾದ ತಾಟಿನ ಮುಂದೆ ಬೆರಳು ನೆಕ್ಕುತ್ತಿದ್ದಾರೆ. ಪಕ್ಕದಲ್ಲಿ ತುಪ್ಪದ ಗಿಂಡಿ ಹಿಡಿದು ಕುಳಿತವರು ನಮ್ಮ ಅತ್ತೆ ಅಮೃತವ್ವ.

“ಅತ್ತೀ, ಇಲ್ಲಿದ್ದ ನೂಡಲ್ಸು ಎಲ್ಲಿ?”

“ಶಾವಗಿ ಅಲ್ಲೇನವಾ ಅದು? ಬಸದು ಆರಾಕ ಹಾಕಿದ್ದಿ. ತುಪ್ಪಾ ಸಕ್ಕರಿ ಕಲಸಿ, ಬಿಸಿ ಹಾಲು ಹಾಕಿ ಕೊಟ್ಟೆ. ಹಸದು ಬಂದಿತ್ತು ಕೂಸು.”

(ಕೂಸಿಗೆ ಈಗ ನಲವತ್ತೊಂಬತ್ತು.) ನಮ್ಮ ಕಡೆ ಬಸಿದ ಶಾವಿಗೆ ಕಂಡು ತುಪ್ಪ ಸಕ್ಕರೆ ಹಾಕದೆ ಸುಮ್ಮನಿರುವ ಹಿರಿಯರು ಇನ್ನೂ ಹುಟ್ಟಿಲ್ಲ.

“ಛಲೋ ಆಗೈತಬೇ ಯವ್ವಾ,” ಎಂದರು ಕೂಸು.

ಇಪ್ಪತ್ತೆರಡು ವರ್ಷ ಕಾದ ಮಾತು ನನ್ನ ಕಣ್ಣೆದುರೇ ಅತ್ತೆಯ ಉಡಿಗೆ ಬಿತ್ತು. “ಬೇಯಿಸಿದಾಕಿ ನಾನ್ರಿ,” ಎಂದೆ, ಹಲ್ಲು ಕಚ್ಚಿ.

“ಬೇಯಸೂದೇನು ದೊಡ್ಡದು, ನೀರು ಕಾಸಿದ್ರ ಆತು. ರುಚಿ ಇರೂದು ತುಪ್ಪದಾಗ,” ಎಂದರು ಮನೆಯವರು.

ಅಷ್ಟರಲ್ಲಿ ಒಳಗಿನ ವಾಸನೆ ಅವರ ಮೂಗಿಗೆ ಬಡಿಯಿತು. ಎದ್ದು ಹೋಗಿ ಬಾಣಲೆಯನ್ನೇ ಎತ್ತಿ ತಂದರು. ರಸಕ್ಕೆ ರೊಟ್ಟಿ ಅದ್ದಿ ಒಂದು, ಎರಡು, ನಾಲ್ಕು ಇಳಿಸಿದರು. ಹಣೆಯ ಮೇಲೆ ಬೆವರು, ಮುಖದ ಮೇಲೆ ಪರಮಾನಂದ. ನೀಲಗಂಗವ್ವನ ಬಾಣಲೆಯನ್ನು ಎದೆಗವಚಿಕೊಂಡು ನಾನು ಉಸಿರು ಬಿಗಿಹಿಡಿದು ನಿಂತೆ.

“ಲೇ, ಇದನ್ನ ಅಲ್ಲಾಉದ್ದೀನನ ಕಡಿಂದ ಯಾವಾಗ ತರಿಸಿದಿ?”

“ನಾ ಮಾಡೀನ್ರಿ.”

“ಚಾಷ್ಟಿ ಮಾಡಬ್ಯಾಡ,” ಎಂದು ನನ್ನ ಮಾತನ್ನು ತಮಾಷೆಗೆ ತಳ್ಳಿ, ನಕ್ಕು ಫೋನ್ ಹಚ್ಚಿದರು. “ಅಲ್ಲಾಉದ್ದೀನ, ಇವತ್ತಿನ ರಸ ಭಾಳ ಛಲೋ ಆಗೈತಿ ನೋಡಪಾ.”

“ಇವತ್ತ ಬಂಡಿ ಹಚ್ಚಿಲ್ರಿ ಅಣ್ಣಾರ,” ಎಂದಿತು ಫೋನು. “ಮದುವಿಗಂತ ಲಕ್ಷ್ಮೇಶ್ವರಕ್ಕ ಬಂದೀನಿ.”

ಫೋನ್ ಕೆಳಗಿಟ್ಟು ಅವರು ಬಾಣಲೆಯನ್ನೇ ನೋಡುತ್ತ ಕುಳಿತರು. ಈಗ ಎಲ್ಲಿಗೆ ಹೋಗುತ್ತೀರಿ ಎಂದು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. ಅವರು ತಾಯಿಯ ಕಡೆ ತಿರುಗಿದರು.

“ಯವ್ವಾ, ಹಂಗಾರ ಇದನ್ನೂ ನೀನ ಮಾಡೀಯೇನಬೇ?”

“ನಾ ಎಲ್ಲಿ ಮಾಡ್ಲೆಪಾ. ಭಾಳ ಖಾರ ಇತ್ತು, ಒಂದು ಹಳಕು ಬೆಲ್ಲಾ ಹಾಕೀನಿ, ಅಷ್ಟ.”

“ಅದ ಮತ್ತ,” ಎಂದು ನಮ್ಮ ಮನೆಯವರು ಸಮಾಧಾನದಿಂದ ಐದನೆಯ ರೊಟ್ಟಿಗೆ ಕೈ ಹಾಕಿದರು. “ಆ ಬೆಲ್ಲಾ ಹಾಕೂದೊಂದು ಈಕಿಗೂ ಕಲಿಸಿ ಬಿಡಬೇ.”